ಮಾಲೀಕರ ಹೆಸರು ಹೇಳಿ

ಬೆಟಗೇರಿಯ ಸೊರಟೂರ ಡಿಟಿಪಿ ಸೆಂಟರಿನ ಗಣಕಯಂತ್ರ ಸತ್ತದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ನೀಲಗಂಗವ್ವ ಎರಡನೆಯ ರೊಟ್ಟಿ ಬಡಿಯುತ್ತಿದ್ದಾಗ. ಓಣಿಯ ತಂತಿಯಲ್ಲಿ ವಿದ್ಯುತ್ತು ಒಮ್ಮೆಲೇ ಏರಿತು. ಫ್ಯಾನು ಹುಚ್ಚು ಹಿಡಿದಂತೆ ತಿರುಗಿ ನಿಂತಿತು, ಪಡಸಾಲೆಯಲ್ಲಿ ಟಪ್ಪೆಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಹಿಟ್ಟಿನ ಕೈಯಲ್ಲೇ ಓಡಿ ಬಂದು ನೋಡಿದರೆ ಪರದೆ ಕಪ್ಪಾಗಿತ್ತು. ಅದರೆದುರು ಕುರ್ಚಿಯಲ್ಲಿ ಕೂತಿದ್ದ ಅವಳ ಗಂಡ ಎಡಗೈಯ ಬೆರಳಿಂದ ಒಂದೇ ಕೀಲಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಅದು 'ನ' ಅಕ್ಷರದ ಕೀಲಿ. ಅವಳನ್ನು ಕರೆಯುವಾಗ ಅವನು ಒತ್ತುತ್ತಿದ್ದದ್ದು ಅದನ್ನೇ.

ಮಡಿವಾಳಪ್ಪ ಸೊರಟೂರ ಮೂವತ್ತು ವರ್ಷ ಲಗ್ನಪತ್ರಿಕೆ ಜೋಡಿಸಿದ ಮನುಷ್ಯ. ಅರ್ಧ ಊರಿನ ಮದುವೆಗಳು ಅವನ ಅಕ್ಷರದಲ್ಲೇ ನಡೆದಿದ್ದವು. ಒಂದು ಒತ್ತಕ್ಷರ ತಪ್ಪಿದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮೆದುಳಿನಲ್ಲಿ ಒಂದು ರಕ್ತನಾಳ ಕಟ್ಟಿಕೊಂಡು ಬಲಗೈಯೂ ಹೋಯಿತು, ಮಾತೂ ಹೋಯಿತು. ತಿಳಿವಳಿಕೆ ಮಾತ್ರ ಒಂದು ಕೂದಲಷ್ಟೂ ಕೆಟ್ಟಿರಲಿಲ್ಲ. ಬರೆದು ತೋರಿಸೋಣವೆಂದರೆ ಮೊದಲ ಅಕ್ಷರ ಸಿಗುತ್ತಿತ್ತು, ಎರಡನೆಯದಕ್ಕೆ ಬರುವಷ್ಟರಲ್ಲಿ ಪದವೇ ಜಾರಿಹೋಗುತ್ತಿತ್ತು. ಆದರೆ ಬೇಕಾದ ಪದವನ್ನು ಯಾರಾದರೂ ಕಣ್ಣೆದುರು ಇಟ್ಟರೆ ಥಟ್ಟನೆ ಗುರುತಿಸಿ ಬೆರಳು ತೋರುತ್ತಿದ್ದ.

ಹಾಗೆ ಎದುರಿಗೆ ತಂದು ಇಡುತ್ತಿದ್ದದ್ದು ಅವನ ಗಣಕಯಂತ್ರದ ಮೂಲ ವ್ಯವಸ್ಥೆ, ಸಂಗಾತ. ಆ ಹೊತ್ತಿಗೆ ಮೇಜಿನ ಮೇಲಿನ ಗಣಕಯಂತ್ರಗಳನ್ನು ನಡೆಸುವ ಮೂಲ ವ್ಯವಸ್ಥೆಗಳೆಲ್ಲ ತಮ್ಮ ಮಾಲೀಕರ ರೂಢಿ ಕಲಿಯತೊಡಗಿದ್ದವು. ನೀವು ಯಾವ ಅಕ್ಷರದ ಮೇಲೆ ಯಾವ ಪದ ಹಾಕುತ್ತೀರಿ, ಎಷ್ಟು ಹೊತ್ತಿಗೆ ಏನು ಕೇಳುತ್ತೀರಿ, ಯಾರಿಗೆ ಹೇಗೆ ಗದರುತ್ತೀರಿ ಎಂಬುದನ್ನೆಲ್ಲ ಒಂದು ರೂಢಿ ಕಡತದಲ್ಲಿ ಬರೆದಿಟ್ಟುಕೊಂಡು, ಮುಂದಿನದನ್ನು ಊಹಿಸಿ ಪರದೆಯ ಮೇಲೆ ಸಾಲುಗಟ್ಟಿ ನಿಲ್ಲಿಸುತ್ತಿದ್ದವು. ಇದರಲ್ಲಿ ಮಾಯೆಯೇನೂ ಇರಲಿಲ್ಲ, ಬರೀ ಲೆಕ್ಕಾಚಾರ. ಆದರೆ ಮಡಿವಾಳಪ್ಪನ ಸಂಗಾತಕ್ಕೆ ಬೇರೆ ಯಾವ ಸಂಗಾತಕ್ಕೂ ಸಿಗದ ಪಾಠ ಸಿಕ್ಕಿತ್ತು. ಅಂಗಡಿ ಕೆಳಗೆ, ಅಡುಗೆಮನೆ ಮೇಲೆ. ಹತ್ತು ಮೆಟ್ಟಿಲು ಹತ್ತುವುದಕ್ಕೆ ಸೋಮಾರಿಯಾದ ಆ ಮಹಾನುಭಾವ ಹನ್ನೊಂದು ವರ್ಷ ಹೆಂಡತಿಯೊಡನೆ ಮಾತಾಡಿದ್ದೆಲ್ಲ ಟೈಪು ಮಾಡಿಯೇ. ಅಡುಗೆಮನೆಯ ಗೋಡೆಗೆ ಒಂದು ಸಣ್ಣ ಪರದೆ ಹಚ್ಚಿದ್ದ. "ನೀಲಾ, ಚಹಾ." "ನೀಲಾ, ಗಿರಾಕಿ ತಲಿ ತಿನ್ನಾಕತ್ತಾನ, ಊಟಕ್ಕ ಬಾ ಅಂತ ಸುಳ್ಳ ಕರಿ." "ನೀಲಾ, ನಿನ್ನೆ ಸಿಟ್ಟು ಇಳೀತೋ ಇಲ್ಲೋ." ಆಗ ಅವಳು ಈ ಸೋಮಾರಿತನಕ್ಕೆ ಎಷ್ಟು ಬೈದಿದ್ದಳೋ ಅಷ್ಟನ್ನೂ ಅವನ ಕಾಯಿಲೆಯ ನಂತರ ವಾಪಸು ತೆಗೆದುಕೊಂಡಳು. ಯಂತ್ರವನ್ನು ಪಡಸಾಲೆಗೆ ತಂದು, ಒಮ್ಮೆಯೂ ಆರದಂತೆ ಬ್ಯಾಟರಿ ಜೋಡಿಸಿದಳು. ಅವನು 'ಚ' ಒತ್ತಿದರೆ ಸಂಗಾತ "ಚಹಾಕ್ಕ ಸಕ್ಕರಿ ಹಾಕೀಯೋ, ಬರೇ ತೋರಿಸೀಯೋ" ಎಂಬ ಸಾಲನ್ನು ಎದುರಿಗೆ ತರುತ್ತಿತ್ತು. ಅದು ನೂರಕ್ಕೆ ನೂರು ಅವನದೇ ಮಾತು. ಅವನು ಬೆರಳಿಟ್ಟು ಆರಿಸುತ್ತಿದ್ದ, ಅವಳು ಓದಿ ಬೈಯುತ್ತಿದ್ದಳು, ಸಂಸಾರ ನಡೆಯುತ್ತಿತ್ತು.

ಹುಬ್ಬಳ್ಳಿಯ ದುರಸ್ತಿ ಕೇಂದ್ರದಲ್ಲಿ ಯಂತ್ರವನ್ನು ಬಿಚ್ಚಿ ನೋಡಿದರು. ರೂಢಿ ಕಡತವಿದ್ದ ಡಿಸ್ಕು ಉಳಿದಿತ್ತು, ಉಳಿದದ್ದೆಲ್ಲ ಬೆಂದುಹೋಗಿತ್ತು. ಈ ಮಾದರಿಯ ತಯಾರಿಕೆಯೇ ನಿಂತು ನಾಲ್ಕು ವರ್ಷವಾಯಿತು ಎಂದರು. ಹೊಸ ಯಂತ್ರದಲ್ಲಿ ಹೊಸ ಸಂಗಾತ ಬರುತ್ತದೆ, ಅದು ಹಳೆಯ ಕಡತವನ್ನು ಓದುವುದಿಲ್ಲ. ಹಳೆಯ ಸಂಗಾತ ಹಳೆಯ ಯಂತ್ರದಲ್ಲಲ್ಲದೆ ಏಳುವುದಿಲ್ಲ. "ಹೊಸದಕ್ಕೆ ನಿಮ್ಮ ಯಜಮಾನರು ನಿಧಾನವಾಗಿ ಕಲಿಸಬಹುದು ಮೇಡಂ," ಎಂದು ಕೌಂಟರಿನವಳು ಸಮಾಧಾನದ ಧ್ವನಿಯಲ್ಲಿ ಹೇಳಿದಳು. ಮಾತೇ ಇಲ್ಲದವನು ಮಾತು ಕಲಿಸುವುದು ಹೇಗೆ ಎಂದು ನೀಲಗಂಗವ್ವ ಕೇಳಿದ್ದಕ್ಕೆ ಅವಳು ಹೊಸ ಯಂತ್ರಗಳ ದರಪಟ್ಟಿಯನ್ನು ಮುಂದೆ ಸರಿಸಿದಳು.

ಉತ್ತರವಿದ್ದದ್ದು ದಾವಲಸಾಬ ನದಾಫನ ಬಳಿ. ಅವನದು ಹತ್ತಿ ಮಾರುಕಟ್ಟೆಯ ಹಿಂದೆ, ಲಾರಿ ತೂಗುವ ಕಾಟಾದ ಪಕ್ಕ ಒಂದು ತಗಡಿನ ಅಂಗಡಿ. ಕಾಟಾಗಳ ಗಣಕಯಂತ್ರ ರಿಪೇರಿ ಅವನ ಕಸುಬು. ಮಡಿವಾಳಪ್ಪನಿಗೆ ಹಳೆಯ ದೋಸ್ತ. ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ ಅವನು ಗಡ್ಡ ಕೆರೆದುಕೊಂಡ.

"ಅಕ್ಕಾರ, ಇದನ್ನ ದತ್ತಕ ಕೊಡೂಣು."

"ಹಂಗಂದ್ರ?"

"ಬ್ಯಾರೆ ಯಂತ್ರಕ್ಕ ಹಳೇ ಸಂಗಾತ ಹಾಕೂದು. ಸಂಗಾತ ಏಳೂ ಮುಂದ ಯಂತ್ರಕ್ಕ ಕೇಳತೈತಿ, ನೀ ಯಾರು, ನಿನ್ನ ನಂಬರ್ ಏನು ಅಂತ. ಕಂಪನಿ ಯಂತ್ರ ಅಲ್ಲ ಅಂತ ಗೊತ್ತಾತಂದ್ರ ಮಕ್ಕೊಂಡ ಬಿಡತೈತಿ. ಅದಕ್ಕ ನಾವು ನಡುವ ಒಂದು ಸಣ್ಣ ಪ್ರೋಗ್ರಾಮ್ ಕೂಡ್ರಸ್ತೀವಿ. ಅದಕ್ಕ ಸೋಗು ಅಂತೀವಿ. ಕೇಳಿದ್ದಕ್ಕೆಲ್ಲಾ ಅದು ನಿಮ್ಮ ಹಳೇ ಯಂತ್ರದಂಗ ಉತ್ತರಾ ಕೊಡತೈತಿ."

"ಅಂದ್ರ ಸುಳ್ಳು ಹೇಳತೈತಿ."

"ನಾಟಕದಾಗ ಗಂಡಸು ಸೀರಿ ಉಟ್ಟು ರಾಣಿ ಆಗಂಗಿಲ್ಲೇನ್ರಿ? ಅದಕ್ಕ ಯಾರರ ಸುಳ್ಳು ಅಂತಾರೇನು?"

"ಕಳವು ಆಗೂದಿಲ್ಲಲ್ಲರೀ ಅಣ್ಣಾರ ಮತ್ತ?"

ದಾವಲಸಾಬ ಈ ಸಲ ತಮಾಷೆ ಮಾಡಲಿಲ್ಲ. "ಕಂಪನಿ ಕಾಗದಾ ಓದಿದ್ರ ತಪ್ಪೇ ಐತಿ. ಆದ್ರ ಮನಿ ಬಿದ್ದ ಹೋತು ಅಂತ ಮನ್ಯಾಗಿನ ಮನಶ್ಯಾನ್ನ ಹೊರಗ ನಿಂದ್ರಸಾಕ ಬರತೈತೇನ್ರಿ? ಒಳಗ ಇರಾಂವ ನಮ್ಮ ಮಡಿವಾಳಪ್ಪ."

ನೀಲಗಂಗವ್ವ ಡಿಸ್ಕನ್ನು ಅವನ ಮೇಜಿನ ಮೇಲೆ ಬಿಟ್ಟು ಬಂದಳು.

ಹಳೆಯ ಸಂಗಾತವನ್ನು ಕಂಪನಿ ತನ್ನ ಜಾಲತಾಣದಿಂದಲೇ ತೆಗೆದುಹಾಕಿತ್ತು. ಕೊನೆಗೆ ಅದು ಸಿಕ್ಕಿದ್ದು ಲಕ್ಷ್ಮೇಶ್ವರದ ಒಂದು ಫೋಟೋ ಸ್ಟುಡಿಯೋದಲ್ಲಿ. ಅವರಲ್ಲಿ ಯಂತ್ರ ಕೊಂಡಾಗ ಬಂದ ಮೂಲ ಪೆನ್‌ಡ್ರೈವು ಇತ್ತು, ಕಳೆಯಬಾರದೆಂದು ದೇವರ ಜಗುಲಿಯ ಮೇಲೇ ಇಟ್ಟಿದ್ದರು. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಅದಕ್ಕೂ ಕುಂಕುಮ, ಅದಕ್ಕೂ ವಿಭೂತಿ. ದಾವಲಸಾಬ ತಂದು ಚುಚ್ಚಿದರೆ ಯಾವ ಯಂತ್ರಕ್ಕೂ ಅದು ಕಾಣಲಿಲ್ಲ. ಅದರ ಬಾಯೊಳಗೆ ಹದಿನೈದು ವರ್ಷದ ಭಕ್ತಿ ಗಟ್ಟಿಯಾಗಿ ಕೂತಿತ್ತು. ಸೂಜಿ, ಸ್ಪಿರಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದು ಇಡೀ ಮಧ್ಯಾಹ್ನ ಅವನು ಪೂಜೆಯನ್ನು ಕೆರೆದು ತೆಗೆದ.

ಇತ್ತ ಮನೆಯಲ್ಲಿ ಮಡಿವಾಳಪ್ಪ ಕೀಲಿಮಣೆಯ ಕಡೆ ನೋಡುವುದನ್ನೇ ಬಿಟ್ಟಿದ್ದ. ಆಸ್ಪತ್ರೆಯವರು ಚಿತ್ರಗಳಿರುವ ಒಂದು ಫಲಕ ಕೊಟ್ಟಿದ್ದರು. ನೀರಿನ ಲೋಟ, ತಟ್ಟೆ, ಹಾಸಿಗೆ, ನೋವಿನ ಮುಖ. ಬೆರಳಿಟ್ಟರೆ ಯಾವುದೋ ಹೆಣ್ಣುಧ್ವನಿ "ನನಗೆ ನೀರು ಬೇಕು" ಎನ್ನುತ್ತಿತ್ತು. ಮೊದಲ ದಿನ ಅವನು ಒಮ್ಮೆ ಒತ್ತಿ ಕೇಳಿದ. ಆಮೇಲೆ ಫಲಕವನ್ನು ಮುಖ ಕೆಳಗೆ ಮಾಡಿ ಇಟ್ಟ. ನೀಲಗಂಗವ್ವ ಒಂದೊಂದೇ ಕೇಳಿ ತಿಳಿಯಲು ಹೊರಟಳು: ನೀರ ಬೇಕೇನ್ರಿ, ಬ್ಯಾನಿ ಏನ್ರಿ, ಹೊರಗ ಕೂಡ್ರತೀರೇನ್ರಿ. ಅವನು ಹೂಂ ಎಂದು ತಲೆಯಾಡಿಸುತ್ತಿದ್ದ, ಉಹುಂ ಎಂದು ಆಡಿಸುತ್ತಿದ್ದ. ಆದರೆ ಅವನಿಗೆ ಬೇಕಾದದ್ದು ನೀರೂ ಅಲ್ಲ, ಹೊರಗೂ ಅಲ್ಲ. ಅವನಿಗೆ ಅವಳನ್ನು ಕೆಣಕಬೇಕಿತ್ತು, ಪಕ್ಕದ ಮನೆಯವರ ಹೊಸ ಬೋರ್ಡಿನಲ್ಲಿ ಮೂರು ತಪ್ಪಿವೆ ಎಂದು ಹೇಳಬೇಕಿತ್ತು. ಅದಕ್ಕೆಲ್ಲ ಎಲ್ಲಿಯ ಚಿತ್ರ? ಎರಡನೆಯ ವಾರಕ್ಕೆ ತಲೆಯಾಡಿಸುವುದೂ ಕಡಿಮೆಯಾಯಿತು. ಡಾಕ್ಟರು ಅವಳನ್ನು ಹೊರಗೆ ಕರೆದು, ಹೇಳಬೇಕೆಂಬ ಹಟ ಇರುವತನಕ ಮಾತು ಮರಳುವ ಆಸೆಯಿದೆ, ಹಟ ಬಿಟ್ಟ ರೋಗಿಗೆ ತಮ್ಮ ಬಳಿ ಔಷಧವಿಲ್ಲ ಎಂದರು. ಅವಳಿಗೆ ಅಂದು ಮೊದಲ ಸಲ ನಿಜವಾಗಿ ಭಯವಾಯಿತು. ಮೂವತ್ತಾರು ವರ್ಷ ಬಾಯಿಗೆ ಬಾಯಿ ಕೊಟ್ಟ ಮನುಷ್ಯ ಗೋಡೆ ನೋಡುತ್ತ ಕೂತಿದ್ದ.

ತಗಡಿನ ಅಂಗಡಿಯಲ್ಲಿ ದತ್ತಕದ ಕೆಲಸ ಎಡವುತ್ತ ಸಾಗಿತು. ಹತ್ತಿ ಮಿಲ್ಲಿನ ಕಾಟಾದಿಂದ ಬಿಚ್ಚಿದ, ಗುಜರಿಗೆ ಹೊರಟಿದ್ದ ಒಂದು ಯಂತ್ರವನ್ನು ದಾವಲಸಾಬ ಆರಿಸಿಕೊಂಡಿದ್ದ. ಸೋಗು ಮೊದಲ ಸಲ ತಪ್ಪು ನಂಬರು ಹೇಳಿ ಸಿಕ್ಕಿಬಿತ್ತು. ಎರಡನೆಯ ಸಲ ಸಂಗಾತ ಎದ್ದಿತು, ಆದರೆ ಪರದೆ ತಲೆಕೆಳಗಾಗಿತ್ತು. ಮೂರನೆಯ ಸಲ ಎಲ್ಲ ನೆಟ್ಟಗಿದ್ದರೂ ಮೌಸಿನ ಬಾಣ ತನ್ನಷ್ಟಕ್ಕೆ ಮೂಲೆಗೆ ಓಡಿಹೋಗುತ್ತಿತ್ತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಪೆಟ್ಟಿಗೆಯೊಳಗೆ ತೂಕದ ಕಾರ್ಡು ಉಳಿದಿತ್ತು, ಅದರ ವೈರು ಪರೀಕ್ಷೆಗೆಂದು ಪಕ್ಕದ ಕಾಟಾಕ್ಕೆ ಜೋಡಿಸಿದ್ದು ಹಾಗೇ ಇತ್ತು. ಸಂಗಾತ ಅದನ್ನೇ ಮೌಸು ಎಂದು ತಿಳಿದಿತ್ತು. ಹೊರಗೆ ಲಾರಿ ಹತ್ತಿದಾಗಲೆಲ್ಲ ಒಳಗೆ ಬಾಣ ಓಡುತ್ತಿತ್ತು.

ಕಾರ್ಡು ಕಿತ್ತ ದಿನ ಪರದೆಯ ಮೇಲೆ ತಿಳಿನೀಲಿ ಬಣ್ಣ ಹರಡಿ, ಒಂದು ಸಾಲು ಮೂಡಿತು. "ಮಾಲೀಕರ ಹೆಸರು ಹೇಳಿ."

ಹೊಸದಾಗಿ ಕೂರಿಸಿದಾಗ ಮಾತ್ರ ಸಂಗಾತ ಕೇಳುವ ಪ್ರಶ್ನೆ ಅದು. ದಾವಲಸಾಬನ ಹಿಗ್ಗಿಗೆ ಮಿತಿಯಿರಲಿಲ್ಲ. ಮೈಕಿಗೆ ಬಾಯಿಟ್ಟು "ಮಡಿವಾಳಪ್ಪ ಸೊರಟೂರ" ಎಂದ. ತಪ್ಪು ಎಂದಿತು. ತಂದೆಯ ಹೆಸರನ್ನೂ ಸೇರಿಸಿ ಹೇಳಿದ. ತಪ್ಪು. ಸೊರಟೂರ ಡಿಟಿಪಿ ಸೆಂಟರ್ ಎಂದ. ಆಗ ಸಂಗಾತ ಕೆಂಪು ಅಕ್ಷರದಲ್ಲಿ ಎರಡು ಸಾಲು ಬರೆಯಿತು. "ಧ್ವನಿ ನೋಂದಾಯಿತ ಧ್ವನಿಯಲ್ಲ. ಇನ್ನು ಎರಡು ಅವಕಾಶಗಳಿವೆ, ಬಳಿಕ ರೂಢಿ ಕಡತ ಅಳಿಸಿಹೋಗುತ್ತದೆ."

ಅವನು ಮೈಕಿನ ವೈರನ್ನೇ ಕಿತ್ತಿಟ್ಟು, ಯಂತ್ರವನ್ನು ರಿಕ್ಷಾದಲ್ಲಿ ಹೇರಿಕೊಂಡು ಮಧ್ಯಾಹ್ನ ಮೂರಕ್ಕೆ ಬೆಟಗೇರಿಗೆ ಬಂದ. ಪಡಸಾಲೆಯಲ್ಲಿ ಜೋಡಿಸಿಟ್ಟು, ಮೂರು ಅವಕಾಶ ಹಾಳು ಮಾಡಿದ್ದನ್ನು ತಲೆ ತಗ್ಗಿಸಿ ಹೇಳಿದ. ಮಡಿವಾಳಪ್ಪ ಕುರ್ಚಿಯಿಂದಲೇ ಕೇಳುತ್ತಿದ್ದ.

"ಮೊದಲ್ನೇ ದಿನಾ ಮೈಕಿನ್ಯಾಗ ಮಾತಾಡಿದವರು ಯಾರು ಅಕ್ಕಾರ? ಮಡಿವಾಳಪ್ಪನ ಧ್ವನಿ ಆಗಿದ್ರ ನಮ್ಮ ಕತಿ ಮುಗೀತು."

ನೀಲಗಂಗವ್ವ ನೆನಪು ಮಾಡಿಕೊಂಡಳು. ಹದಿಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಕಂಪನಿಯವನು ಯಂತ್ರ ಕೂರಿಸಲು ಬಂದಾಗ ಗಂಡ ಲಗ್ನಪತ್ರಿಕೆ ಕೊಟ್ಟು ಬರಲು ಹೋಗಿದ್ದ. ಕಂಪನಿಯವನಿಗೆ ಬಸ್ಸಿನ ಅವಸರ. ಮೇಲಿನಿಂದ ಅವಳನ್ನು ಕರೆಸಿ, ಅಮ್ಮಾ, ಇಲ್ಲಿ ಮಾಲೀಕರ ಹೆಸರು ಹೇಳಿಬಿಡಿ ಎಂದಿದ್ದ.

"ನಾನರೀ," ಎಂದಳು. "ನಾನ ಮಾತಾಡಿದ್ದೆ."

"ಬದುಕಿದ್ವಿ! ಹಂಗಾರ ಹೇಳ್ರಿ ಹೆಸರು."

ನೀಲಗಂಗವ್ವ ಮುಖ ತಿರುಗಿಸಿದಳು. ಅವಳ ಕಿವಿ ಕೆಂಪಾದವು. ದಾವಲಸಾಬನಿಗೆ ತಡವಾಗಿ ಹೊಳೆಯಿತು. ಅವನ ಹೆಂಡತಿಯೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ. ಮದುವೆಯಲ್ಲಿ ಹೆಂಗಸರೆಲ್ಲ ಅಡ್ಡಗಟ್ಟಿ ನಿಂತು, ಗಂಡನ ಹೆಸರನ್ನು ಒಡಪಿನ ಪದ್ಯದಲ್ಲಾದರೂ ಕಟ್ಟಿ ಹೇಳು ಎಂದು ಕಾಡಿದ್ದಾಗಲೂ ನೀಲಗಂಗವ್ವ ಸೆರಗು ಕಚ್ಚಿ ನಿಂತಿದ್ದಳಂತೆ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿದ್ದಳು. ಅದನ್ನು ನಂಬುವಷ್ಟು ಹಳಬಳಲ್ಲ ಅವಳು, ಮುರಿದು ನೋಡುವಷ್ಟು ಹೊಸಬಳೂ ಅಲ್ಲ.

ಈಗ ಅವಳು ಗೋಡೆ ನೋಡುತ್ತಿದ್ದ ಗಂಡನನ್ನು ನೋಡಿದಳು. ಆಯುಷ್ಯ ಕಡಿಮೆಯಾಗುವುದಾದರೆ ಹೀಗೆ ಕೂತರೂ ಕಡಿಮೆಯಾಗುತ್ತದೆ. ಸೆರಗು ಸರಿಮಾಡಿಕೊಂಡು ಮೈಕಿನ ಗುಂಡಿ ಒತ್ತಿ ಬಗ್ಗಿದಳು. ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಅಂದುಬಿಟ್ಟಳು.

"ಮಡಿವಾಳಪ್ಪ."

ಕುರ್ಚಿ ಕಿರುಗುಟ್ಟಿತು. ಮಡಿವಾಳಪ್ಪ ಗೋಡೆಯಿಂದ ಮುಖ ತಿರುಗಿಸಿ ಅವಳನ್ನೇ ನೋಡುತ್ತಿದ್ದ. ಮೂರು ವಾರದಲ್ಲಿ ಅವನು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಸಂಗಾತಕ್ಕೆ ಇದೇನೂ ಅರ್ಥವಾಗಲಿಲ್ಲ. "ಧ್ವನಿ ಸರಿಯಿದೆ. ಹೆಸರು ತಪ್ಪು. ಇನ್ನು ಒಂದು ಅವಕಾಶವಿದೆ" ಎಂದು ಬರೆಯಿತು.

ನೀಲಗಂಗವ್ವನಿಗೆ ಅಳು ಬಂತು. ಜೀವ ಗಟ್ಟಿ ಮಾಡಿ ಹೇಳಿದ ಹೆಸರು ತಪ್ಪಂತೆ! ನೆಲದ ಮೇಲೆ ಕೂತುಬಿಟ್ಟಳು. ದಾವಲಸಾಬ ಮೈಕನ್ನು ಬಂದ್ ಮಾಡಿ, ನಿಧಾನವಾಗಿ ಕೇಳಿದ.

"ಅಕ್ಕಾರ, ಅವತ್ತು ನೀವು ಹೆಸರು ಹೇಳಿಲ್ಲ. ಹೆಂಗ ಹೇಳತೀರಿ? ಬ್ಯಾರೆ ಏನರ ಅಂದಿರತೀರಿ. ಅದನ್ನ ಹೆಸರು ಅಂತ ಬರಕೊಂಡೇತಿ ಇದು. ಏನಂದ್ರಿ, ನೆನಪ ಮಾಡ್ಕೋರಿ."

"ಹದಿಮೂರು ವರ್ಷ ಆತರೀ ಅಣ್ಣಾರ! ನಾಚಿಗಿ ಬಂದಿದ್ದ ಅಷ್ಟ ನೆನಪೈತಿ. ಏನೋ ಅಂದೆ, ಅಂವಾ ಆತು ಅಂದಾ, ನಾ ಒಲಿ ಮ್ಯಾಲೆ ಸಾರು ಇಟ್ಟಿದ್ದೆ, ಓಡಿ ಹೋದೆ."

"ಮಡಿವಾಳಪ್ಪಗ ಗೊತ್ತಿರತೈತಿ. ಯಂತ್ರ ಚಾಲೂ ಮಾಡಿದಾಗೆಲ್ಲಾ ಸಂಗಾತ ಮಾಲೀಕರ ಹೆಸರು ಹಿಡಿದು ನಮಸ್ಕಾರ ಹೇಳತೈತಿ."

ಇಬ್ಬರೂ ಅವನ ಕಡೆ ತಿರುಗಿದರು. ಮಡಿವಾಳಪ್ಪನ ಮುಖದಲ್ಲಿ ನಗು ಒತ್ತರಿಸಿ ಬರುತ್ತಿತ್ತು. ಗೊತ್ತು ಎಂದು ತಲೆಯಾಡಿಸಿದ. ಬಾಯಿ ತೆರೆದ, ತುಟಿ ಕೂಡಿಸಿದ, ಉಸಿರಷ್ಟೇ ಹೊರಬಂತು. ಜಗತ್ತಿನಲ್ಲಿ ಅದನ್ನು ಬಲ್ಲವನು ಒಬ್ಬನೇ, ಅವನಿಗೋ ಮಾತಿಲ್ಲ.

ನೀಲಗಂಗವ್ವ ಕಣ್ಣೊರೆಸಿಕೊಂಡು ಅವನೆದುರು ಕೂತಳು. "ನಮ್ಮ ಮನ್ಯಾಗಿನವ್ರು ಅಂದಿದ್ದೇನ್ರಿ?" ಉಹುಂ. "ನಮ್ಮ ಯಜಮಾನ್ರು?" ಉಹುಂ. "ಇವ್ರು? ಅವ್ರು?" ಉಹುಂ, ಉಹುಂ. "ಅಂಗಡಿಯವ್ರು? ಶಿವಲೀಲಾನ ಅಪ್ಪಾರು?" ಮಗಳ ಹೆಸರಿಗೂ ಅವನು ತಲೆ ಅಡ್ಡ ಆಡಿಸಿದ. ನಗುವನ್ನು ಮಾತ್ರ ಬಿಡಲಿಲ್ಲ. ಅವಳಿಗೆ ಹಳೆಯ ಸಿಟ್ಟು ಏರಿತು, ಆ ಸಿಟ್ಟು ಬಂದದ್ದೇ ಮೂರು ವಾರದ ಮೇಲೆ.

"ನಗತೀರಲ್ಲಾ! ಇಲ್ಲಿ ಜೀವ ಹೊಂಟೇತಿ, ನಿಮಗ ನಗಿ! ನನಗ ಹೇಳಂಗಿಲ್ಲೇನ್ರಿ?"

ಮಡಿವಾಳಪ್ಪ ಹೂಂ ಹೂಂ ಎಂದು ಜೋರಾಗಿ ತಲೆಯಾಡಿಸಿದ.

"ಹೇಳಂಗಿಲ್ಲಾ?"

ಕುರ್ಚಿಯ ಕೈ ಬಡಿದು, ಹೂಂ ಎಂದ.

"ಯಾಕ ಹೇಳಂಗಿಲ್ಲಾ? ನಾ ಏನ್ ತಪ್ಪ ಮಾಡೀನಿ? ನೋಡ್ರಿ ಅಣ್ಣಾರ, ಗೊತ್ತೈತಂತ, ಹೇಳಂಗಿಲ್ಲಂತ! ಹಟಾ ನೋಡ್ರಿ ಇವರದು!"

ಮಡಿವಾಳಪ್ಪ ಎಡಗೈ ಎತ್ತಿ ಅವಳ ಬಾಯನ್ನು ತೋರಿಸಿದ, ಯಂತ್ರವನ್ನು ತೋರಿಸಿದ, ಮತ್ತೆ ಅವಳ ಬಾಯನ್ನು ತೋರಿಸಿದ. ಅವನ ಕಣ್ಣಲ್ಲಿ ನಗುವಿನ ನೀರು ಸುರಿಯುತ್ತಿತ್ತು. ದಾವಲಸಾಬ ಅವನನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಹಣೆ ಬಡಿದುಕೊಂಡ.

"ಅಕ್ಕಾರ! ಹುಬ್ಬಳ್ಳಿಯಾಂವ ಹೆಸರು ಹೇಳ್ರಿ ಅಂದಾಗ ನೀವು ಏನಂದಿರಬೇಕು? ಹೆಸರು ಹೇಳೂದು ನಿಮ್ಮಲ್ಲಿ ಐತೇನು?"

ನೀಲಗಂಗವ್ವನ ಬಾಯಿ ತೆರೆದೇ ಉಳಿಯಿತು. ಸಾರು ಉಕ್ಕುವ ಸದ್ದು, ಕಂಪನಿಯವನ ಅವಸರ, ತಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವಳು ಮೈಕಿನ ಗುಂಡಿ ಒತ್ತಿದಳು. ಈ ಸಲ ನಾಚಿಕೆಯ ನಟನೆ ಬೇಕಾಗಲಿಲ್ಲ, ತಾನಾಗಿಯೇ ಬಂತು.

"ಹೇಳಂಗಿಲ್ಲರೀ."

ಯಂತ್ರ ಗುರುಗುಟ್ಟಿತು. ತಿಳಿನೀಲಿ ಪರದೆ ಸರಿದು, ಹಳೆಯ ಅಂಗಡಿಯ ಕಡತಗಳೆಲ್ಲ ಸಾಲಾಗಿ ನಿಂತವು. ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿತು: "ನಮಸ್ಕಾರ, ಹೇಳಂಗಿಲ್ಲರೀ ಅವರೇ. ಬಹಳ ದಿನಗಳಾದವು."

ದಾವಲಸಾಬ ಗೋಡೆಗೆ ಆತುಕೊಂಡು ನಕ್ಕ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅಂಗಡಿ ತೆರೆದಾಗ ಈ ನಮಸ್ಕಾರ ಮಡಿವಾಳಪ್ಪನಿಗೆ ಸಲ್ಲುತ್ತಿತ್ತು. ಅದನ್ನು ಬದಲಿಸುವುದು ಎರಡು ನಿಮಿಷದ ಕೆಲಸ. ಬೇರೆಯವರ ಪತ್ರಿಕೆಯಲ್ಲಿ ಒಂದು ಸೊನ್ನೆ ಹೆಚ್ಚಾದರೂ ಸಹಿಸದ ಮನುಷ್ಯ ತನ್ನ ಹೆಸರಿನ ಜಾಗದಲ್ಲಿ ಈ ತಪ್ಪನ್ನು ಹಾಗೇ ಇಟ್ಟುಕೊಂಡಿದ್ದ, ಹೆಂಡತಿಗೂ ಹೇಳಿರಲಿಲ್ಲ. ಅದು ತನ್ನ ಮೇಲಿನ ಪ್ರೀತಿಯೆಂದು ಬೇರೆ ಯಾರೂ ನೀಲಗಂಗವ್ವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಕುರ್ಚಿಯನ್ನು ಮೇಜಿಗೆ ಹತ್ತಿರ ತಳ್ಳಿದಳು. ಮಡಿವಾಳಪ್ಪ ಕೀಲಿಮಣೆಯ ಮೇಲೆ ಎಡಗೈ ಇಟ್ಟು 'ಇ' ಒತ್ತಿದ. ಸಂಗಾತ ಚುರುಕಾಗಿ ಸಾಲು ಹಿಡಿಯಿತು: ಇನ್ನೊಂದು ಕಪ್ ಚಹಾ. ಇವತ್ತ ಏನ್ ಪಲ್ಯೆ. ಇಕಾ ಬಂದೆ. ಅವನು ಒಂದಕ್ಕೂ ಬೆರಳಿಡಲಿಲ್ಲ. ತಲೆ ಅಡ್ಡ ಆಡಿಸಿ ಮುಂದಿನ ಅಕ್ಷರ ಹುಡುಕಿದ. ಸಿಗಲಿಲ್ಲ. ಅಳಿಸಿದ, ಮತ್ತೆ ಮೊದಲಿಂದ ಹಿಡಿದ. ಹಣೆಯಲ್ಲಿ ಬೆವರು ಬಂತು. ಅವನಿಗೆ ಬೇಕಾದ ಮಾತು ಹದಿಮೂರು ವರ್ಷದ ರೂಢಿಯಲ್ಲಿ ಎಲ್ಲೂ ಇರಲಿಲ್ಲ. ಅವನು ಅದನ್ನು ಎಂದೂ ಅವಳನ್ನು ಕೇಳಿರಲೇ ಇಲ್ಲ. ನೀಲಗಂಗವ್ವ ಏನೋ ಹೇಳಿಕೊಡಲು ಹೋದಳು, ದಾವಲಸಾಬ ಬೇಡವೆಂದು ಕೈಯಾಡಿಸಿದ. ಕಾಯಿಲೆ ಬಂದ ಮೇಲೆ ಮೊದಲ ಸಲ ಅವನು ಯಾರ ಊಹೆಯ ಸಹಾಯವೂ ಇಲ್ಲದೆ, ಒಂದೊಂದೇ ಅಕ್ಷರ ಕೂಡಿಸಿ, ಕಾಲು ತಾಸು ತೆಗೆದುಕೊಂಡು ಒಂದು ಸಾಲು ಮುಗಿಸಿದ.

"ಇನ್ನೊಮ್ಮೆ ನನ್ನ ಹಸರು ಅನ್ನು."

ಎತ್ವ ಬಿಟ್ಟುಹೋಗಿತ್ತು. ಮಡಿವಾಳಪ್ಪ ತಿದ್ದಲಿಲ್ಲ.

ದಾವಲಸಾಬ ಸಾಲನ್ನು ಓದಿ, ಸ್ಕ್ರೂಡ್ರೈವರನ್ನು ಕಿಸೆಗೆ ಸೇರಿಸಿ, "ರಿಕ್ಷಾದಾಂವ ಕಾಯಾಕತ್ತಾನ, ನಾ ನೋಡಿ ಬರತೇನಿ" ಎಂದ. ರಿಕ್ಷಾದವನು ಹೋಗಿ ಒಂದು ತಾಸಾಗಿತ್ತು. ಅವನ ಹೆಜ್ಜೆ ಮೆಟ್ಟಿಲಿಳಿದು ಓಣಿ ಸೇರುವತನಕ ನೀಲಗಂಗವ್ವ ಕಾದಳು. ಆಮೇಲೆ ಗಂಡನ ಹೆಗಲ ಮೇಲೆ ಕೈಯಿಟ್ಟು ಬಗ್ಗಿ, ಅವನ ಕಿವಿಯ ಹತ್ತಿರ ಹೆಸರು ಅಂದಳು. ಈ ಸಲ ಒಂದೇ ಉಸಿರಿಗಲ್ಲ, ಒಂದೊಂದೇ ಅಕ್ಷರವಾಗಿ.

ಮಡಿವಾಳಪ್ಪ ಕಣ್ಣು ಮುಚ್ಚಿ ಕೇಳಿದ. ಕಣ್ಣು ತೆರೆದು, ಬೆರಳೆತ್ತಿ ಮತ್ತೆ 'ಇ' ಒತ್ತಿದ. ಸಂಗಾತ ಈ ಸಲ ಚಹಾ ತರಲಿಲ್ಲ, ಪಲ್ಯ ತರಲಿಲ್ಲ. ತಪ್ಪು ಅಕ್ಷರದ ಸಮೇತ ಸಾಲನ್ನು ಪೂರ್ತಿ ಮಾಡಿ, ಎಲ್ಲಕ್ಕಿಂತ ಮೇಲೆ ಇಟ್ಟುಕೊಟ್ಟಿತು: ಇನ್ನೊಮ್ಮೆ ನನ್ನ ಹಸರು ಅನ್ನು.